ಕಣದಲ್ಲೇ ಎತ್ತಿಡಿ ವರ್ಷದ ಊಟ

ಕಳೆದ ಸುಗ್ಗಿಯ ಮಾತು. ಸಂಕ್ರಾಂತಿ ಕಳೆದು ವಾರವಾಗಿತ್ತು. ರಾಗಿ ಇಳುವರಿ ನೋಡಿಕೊಂಡು ಬರಲೆಂದು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಕಣಕ್ಕೆ ಹೋಗಿದ್ದೆ. ರಾಗಿ ಒಕ್ಕಣೆ ಮುಗಿದಿತ್ತು. ಅಕ್ಕಡಿ ಸಾಲಿನ ತೊಗರಿ, ಅವರೆ, ಅಲಸಂದೆಗಳನ್ನು ಬಡಿದು ಒಂದು ಮೂಲೆಯಲ್ಲಿ ಸಣ್ಣ ಸಣ್ಣ ರಾಶಿ ಮಾಡಿದ್ದರು. ಹೊತ್ತು ನೆತ್ತಿಗೇರುವ ಮುಂಚೆಯೇ ವ್ಯಾಪಾರಿಯ ಟೆಂಪೊ ಬಂತು. ರಾಗಿಯ ಜೊತೆಗೆ ಕಾಳಿನ ಚೀಲಗಳನ್ನೂ ತೂಗಿ ಏರಿಸಿಕೊಂಡು ಹೋಯಿತು. ಕಣದಲ್ಲಿ ಉಳಿದದ್ದು ಹೊಟ್ಟು ಮತ್ತು ಹುಲ್ಲು.

ಸಂಜೆ ಅದೇ ರೈತರ ಮನೆಯಲ್ಲಿ ಕೂತಿದ್ದೆ. ಒಳಗಿನಿಂದ ಮನೆಯಾಕೆ ಮಗನನ್ನು ಕರೆದು ಹೇಳಿದ ಮಾತು ಕಿವಿಗೆ ಬಿತ್ತು: “ಅಂಗಡೀಗೆ ಹೋಗಿ ಕಾಲು ಕಿಲೋ ತೊಗರಿಬೇಳೆ ತಗೊಂಡು ಬಾ. ದುಡ್ಡು ಬರ್ಕೊಳ್ಳಕ್ಕೆ ಹೇಳು.”

ಬೆಳಿಗ್ಗೆ ಚೀಲಗಟ್ಟಲೆ ತೊಗರಿ ಮಾರಿದ ಮನೆಯಲ್ಲಿ ಸಂಜೆಗೆ ಕಾಲು ಕಿಲೋ ಬೇಳೆ ಸಾಲ! ನಾನು ಕೇಳಿಯೇಬಿಟ್ಟೆ. ಆಕೆ ನಗುತ್ತಲೇ ಹೇಳಿದರು: “ಏನ್ ಮಾಡೋದು ಸಾಹೇಬ್ರೆ, ಕಾಳು ಮನೆ ಒಳಕ್ಕೆ ಬಂದ್ರೆ ತಾನೆ ಬೇಳೆ ಮಾಡೋದು? ಅದು ಕಣದಿಂದ್ಲೇ ಹೊರಟೋಗ್ತದೆ.” ಯಜಮಾನರು ತಮ್ಮ ಕಾರಣ ಹೇಳಿದರು: “ಇಟ್ರೆ ಹುಳ ತಿಂತದೆ ಸಾರ್. ಹೋದ ವರ್ಷ ಅಲಸಂದೆ ಇಟ್ಟಿದ್ದೆ, ಯುಗಾದಿ ಕಳೆಯೋ ಹೊತ್ಗೆ ಬರೀ ತೂತು. ಅದೂ ಅಲ್ದೆ ಸಾಲ ಕೊಟ್ಟೋರು ಕಣದಾಗೇ ಬಂದು ನಿಂತ್ಕೋತಾರೆ.”

ಇದು ಒಂದು ಮನೆಯ ಕಥೆಯಲ್ಲ. ಮೂರು ತೊಂದರೆಗಳು ಇದರಲ್ಲಿ ಸೇರಿವೆ: ಬೇಳೆ ಮಾಡುವ ತಾಪತ್ರಯ, ಹುಳುವಿನ ಕಾಟ, ಸಾಲದ ಒತ್ತಡ. ಮೂರೂ ನಿಜವಾದವೇ. ಆದರೆ ಮೂರಕ್ಕೂ ನಮ್ಮ ಕೈಯಳತೆಯಲ್ಲೇ ದಾರಿಗಳುಂಟು. ಕಡಿಮೆ ಖರ್ಚಿನಲ್ಲಿ ಮನೆಮಂದಿಯೆಲ್ಲ ಚೆನ್ನಾಗಿ ಉಣ್ಣಬೇಕಾದರೆ ಉಳಿತಾಯ ಅಂಗಡಿಯಲ್ಲಲ್ಲ, ಕಣದಲ್ಲೇ ಆರಂಭವಾಗಬೇಕು.

ನಮ್ಮ ಹಿರಿಯರ ಕ್ರಮ ಬೇರೆ ಇತ್ತು. ರಾಶಿ ಪೂಜೆಯಾದ ಮೇಲೆ ಮೊದಲು ದೇವರ ಪಾಲು, ಅನಂತರ ಆಯಗಾರರ ಪಾಲು, ಬೀಜದ ಪಾಲು, ಮನೆಯ ಪಾಲು. ಇಷ್ಟನ್ನೂ ಅಳೆದಿಟ್ಟ ಮೇಲೆ ಉಳಿದದ್ದು ಮಾರಾಟಕ್ಕೆ. ಈಗ ಕ್ರಮ ತಲೆಕೆಳಗಾಗಿದೆ. ಮೊದಲು ಮಾರಾಟ, ಉಳಿದರೆ ಮನೆಗೆ. ಹಳೆಯ ಕಾಲವೆಲ್ಲ ಚೆನ್ನಾಗಿತ್ತೆಂದು ನಾನು ಹೇಳುವುದಿಲ್ಲ. ಆದರೆ ಈ ಒಂದು ಕ್ರಮವನ್ನು ಮರಳಿ ತರುವುದರಲ್ಲಿ ಲಾಭವಿದೆ.

ವರ್ಷಕ್ಕೆ ಎಷ್ಟು ಬೇಕು?

ಎತ್ತಿಡಿ ಎಂದರೆ ಸಾಲದು, ಎಷ್ಟು ಎಂಬ ಲೆಕ್ಕ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕಿಲೋ ಕ್ಯಾಲೊರಿಯ ಊಟಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ಸೊಪ್ಪು ತರಕಾರಿ, 100 ಗ್ರಾಂ ಹಣ್ಣು, 300 ಮಿಲಿ ಲೀಟರ್ ಹಾಲು ಅಥವಾ ಮೊಸರು ಎಂದು ಹೇಳಿದೆ. ಹೊಲದಲ್ಲಿ ಮೈಮುರಿದು ದುಡಿಯುವವರಿಗೆ ಧಾನ್ಯ ಇದಕ್ಕಿಂತ ಹೆಚ್ಚು ಬೇಕು.

ಗಂಡ ಹೆಂಡತಿ, ಒಬ್ಬ ಅಜ್ಜಿ, ಇಬ್ಬರು ಮಕ್ಕಳಿರುವ ಐದು ಜನರ ಮನೆ ಎಂದುಕೊಳ್ಳಿ. ಸರಾಸರಿ ತಲೆಗೆ 350 ಗ್ರಾಂ ಧಾನ್ಯ ಹಿಡಿದರೆ ದಿನಕ್ಕೆ ಒಂದೂಮುಕ್ಕಾಲು ಕಿಲೋ, ವರ್ಷಕ್ಕೆ ಸುಮಾರು 640 ಕಿಲೋ. ಪಡಿತರದಲ್ಲಿ ತಿಂಗಳಿಗೆ ತಲೆಗೆ 5 ಕಿಲೋ ಅಕ್ಕಿ ಬರುವ ಮನೆಯಾದರೆ ವರ್ಷಕ್ಕೆ 300 ಕಿಲೋ ಅಲ್ಲಿಂದ ಬಂತು. ಉಳಿದ 340 ಕಿಲೋ, ಅಂದರೆ ಸುಮಾರು ಮೂರೂವರೆ ಕ್ವಿಂಟಲ್ ರಾಗಿ ಮನೆಗೆ ಬೇಕು.

ಬೇಳೆಕಾಳಿನ ಲೆಕ್ಕವೇ ಮುಖ್ಯ. ತಲೆಗೆ 85 ಗ್ರಾಂನಂತೆ ಐವರಿಗೆ ದಿನಕ್ಕೆ 425 ಗ್ರಾಂ, ವರ್ಷಕ್ಕೆ 155 ಕಿಲೋ. ಅಷ್ಟೊಂದೇ ಎಂದು ಹುಬ್ಬೇರಿಸಬೇಡಿ. ಕಾಲು ಕಿಲೋ ಬೇಳೆ ತರಿಸಿ ಎರಡು ಹೊತ್ತು ನೀರು ಸಾರು ಮಾಡುವ ಮನೆಗಳಲ್ಲಿ ಉಣ್ಣುತ್ತಿರುವುದು ಇದರ ಅರ್ಧವೂ ಇರಲಾರದು. ಅಕ್ಕಡಿ ಬೆಳೆಯುವ ಮನೆಯಲ್ಲಿ ಇದನ್ನು ಹೀಗೆ ಹೊಂದಿಸಬಹುದು: ತೊಗರಿ 80 ಕಿಲೋ (ಬೇಳೆ ಮಾಡಿದರೆ ಸುಮಾರು 56 ಕಿಲೋ), ಅವರೆ 30, ಹುರುಳಿ 30, ಅಲಸಂದೆ 20, ಹೆಸರು 20 ಕಿಲೋ. ಬೇಳೆಯೂ ಕಾಳೂ ಸೇರಿ 156 ಕಿಲೋ ಆಯಿತು. ಇದರ ಜೊತೆಗೆ ಕಡಲೆಕಾಯಿ ಬೆಳೆದವರು ಸಿಪ್ಪೆ ಸಮೇತ ಒಂದು ಮೂಟೆ ಇಟ್ಟುಕೊಳ್ಳಿ. ಸುಲಿದ ಬೀಜಕ್ಕಿಂತ ಕಾಯಿ ಹೆಚ್ಚು ಕಾಲ ಕೆಡದೆ ಇರುತ್ತದೆ.

ನಿಮ್ಮ ಮನೆಯಲ್ಲಿ ಎಷ್ಟು ಜನರೋ ಅದಕ್ಕೆ ತಕ್ಕಂತೆ ಲೆಕ್ಕ ಹಾಕಿ, ಒಕ್ಕಣೆಗೆ ಮುಂಚೆಯೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಟೆಂಪೊ ಬಂದು ನಿಂತ ಮೇಲೆ ಲೆಕ್ಕ ಹಾಕಲು ಸಮಯವಿರುವುದಿಲ್ಲ.

ಮಾರಿ ಕೊಂಡರೆ ಹೋಗುವುದೆಷ್ಟು?

ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕೋಣ. ಸುಗ್ಗಿಯಲ್ಲಿ ತೊಗರಿ ಕಿಲೋಗೆ 70 ರೂಪಾಯಿಗೆ ಹೋಯಿತು, ಅಂಗಡಿಯಲ್ಲಿ ಬೇಳೆ 130 ರೂಪಾಯಿ ಎಂದು ಇಟ್ಟುಕೊಳ್ಳಿ. ದರ ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬೇರೆ. ನಿಮ್ಮ ಊರಿನ ದರ ಹಾಕಿ ನೋಡಿ. 80 ಕಿಲೋ ತೊಗರಿ ಮಾರಿದರೆ ಕೈಗೆ 5600 ರೂಪಾಯಿ. ಅದೇ ತೊಗರಿಯಿಂದ ಆಗುವ 56 ಕಿಲೋ ಬೇಳೆಯನ್ನು ಅಂಗಡಿಯಿಂದ ತಂದರೆ 7280 ರೂಪಾಯಿ. ಅಂತರ 1680 ರೂಪಾಯಿ. ಬೇಳೆ ಮಾಡಿಸುವ ಕೂಲಿ ಕಳೆದರೆ ಇನ್ನೂ ಕಡಿಮೆ. ಹೊಟ್ಟು, ನುಚ್ಚು ಹಸುವಿಗಾಗುತ್ತದೆ ಎಂಬುದು ಬೇರೆ ಮಾತು.

ಅಷ್ಟೇನಾ ಎನ್ನಬಹುದು. ಹೌದು, ಬರೀ ಬೆಲೆಯ ಲಾಭ ದೊಡ್ಡದಲ್ಲ. ನಿಜವಾದ ನಷ್ಟ ಇರುವುದು ಬೇರೆ ಕಡೆ. ತೊಗರಿ ಮಾರಿದ ಮನೆ ಆ 56 ಕಿಲೋ ಬೇಳೆಯನ್ನು ಎಂದೂ ಕೊಳ್ಳುವುದೇ ಇಲ್ಲ. ಕೈಯಲ್ಲಿ ಕಾಸಿದ್ದಾಗ ಅರ್ಧ ಕಿಲೋ, ಇಲ್ಲದಾಗ ಕಾಲು ಕಿಲೋ, ಆಷಾಢದಲ್ಲಿ ಅದೂ ಇಲ್ಲ. ಮನೆಯಲ್ಲಿದ್ದರೆ ಕೈತುಂಬ ಹಾಕುವ ಕೈ, ಅಂಗಡಿಯಿಂದ ತಂದರೆ ಚಿಟಿಕೆ ಲೆಕ್ಕ ಹಾಕುತ್ತದೆ. ಹೀಗೆ ಉಳಿಸಿದ ದುಡ್ಡು ಮಕ್ಕಳ ತಟ್ಟೆಯಿಂದ ತೆಗೆದದ್ದು.

ಇದರ ಫಲ ಕಣ್ಣಿಗೆ ಬೇಗ ಕಾಣುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ, ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇವರಲ್ಲಿ ಕಾಳು ಬೆಳೆಯುವ ಮನೆಗಳವರೂ ಇದ್ದಾರೆ.

ಸಾಲಕ್ಕೆ ರಾಗಿ ಅಳೆಯಿರಿ, ಕಾಳು ಉಳಿಸಿಕೊಳ್ಳಿ

ಸಾಲ ಕೊಟ್ಟವರು ಕಣದಲ್ಲಿ ನಿಂತಿರುವಾಗ ಎತ್ತಿಡಿ ಎಂದು ಹೇಳುವುದು ಸುಲಭ, ಮಾಡುವುದು ಕಷ್ಟ. ಆದ್ದರಿಂದ ಎಲ್ಲವನ್ನೂ ಹಿಡಿದಿಡಲಾಗದವರು ಮೊದಲು ಕಾಳನ್ನು ಹಿಡಿದಿಡಿ. ಮೇಲಿನ ಲೆಕ್ಕದಲ್ಲಿ ಕಾಳೆಲ್ಲ ಸೇರಿ 180 ಕಿಲೋ. ಬಗೆಬಗೆಯ ಸಣ್ಣ ಗಂಟುಗಳಾದ್ದರಿಂದ ವ್ಯಾಪಾರಿ ಇವಕ್ಕೆ ಒಳ್ಳೆಯ ಬೆಲೆ ಕಟ್ಟುವುದೂ ಇಲ್ಲ. ರಾಗಿಗಾದರೆ ಬೆಂಬಲ ಬೆಲೆಯ ಆಸರೆ ಇದೆ. 2025–26ರ ಮುಂಗಾರು ಹಂಗಾಮಿಗೆ ಕೇಂದ್ರ ಸರ್ಕಾರ ರಾಗಿಗೆ ಕ್ವಿಂಟಲಿಗೆ 4886 ರೂ., ತೊಗರಿಗೆ 8000 ರೂ. ಬೆಂಬಲ ಬೆಲೆ ಘೋಷಿಸಿತ್ತು. ಖರೀದಿ ಕೇಂದ್ರಕ್ಕೆ ಹಾಕಬೇಕಾದರೆ ಮುಂಚಿತವಾಗಿ ಹೆಸರು ನೋಂದಾಯಿಸಿರಬೇಕು, ಫ್ರೂಟ್ಸ್ ಸಂಖ್ಯೆ ಇರಬೇಕು. ನೋಂದಣಿ ತಪ್ಪಿಸಿಕೊಂಡವರೇ ಕಣದಲ್ಲಿ ಸಿಕ್ಕ ಬೆಲೆಗೆ ಮಾರುವವರು.

ಹೆಚ್ಚು ಉತ್ಪನ್ನ ಇರುವವರು ಉಗ್ರಾಣದಲ್ಲಿಟ್ಟು ಅಡಮಾನ ಸಾಲ ಪಡೆಯುವ ಅನುಕೂಲ ತಮ್ಮ ತಾಲ್ಲೂಕಿನ ಎ.ಪಿ.ಎಂ.ಸಿ.ಯಲ್ಲಿ ಇದೆಯೇ ಎಂದು ವಿಚಾರಿಸಬಹುದು.

ಕಾಳೇ ಬೆಳೆಯದವರು, ತೆಂಗು ಅಡಿಕೆ ಮಾತ್ರ ಇರುವವರು, ಜಮೀನಿಲ್ಲದ ಕೂಲಿಕಾರರು ಏನು ಮಾಡಬೇಕು? ಹತ್ತು ಮನೆಯವರು ಸೇರಿ ಸುಗ್ಗಿಯಲ್ಲೇ ನೆರೆಯವರ ಕಣದಿಂದ ತೊಗರಿ, ಹುರುಳಿ, ಅವರೆಗಳನ್ನು ಒಟ್ಟಿಗೆ ಕೊಂಡು ಹಂಚಿಕೊಳ್ಳಬೇಕು. ಬೆಳೆದವನಿಗೆ ವ್ಯಾಪಾರಿಗಿಂತ ಎರಡು ರೂಪಾಯಿ ಹೆಚ್ಚು ಕೊಟ್ಟರೂ ಕೊಂಡವರಿಗೆ ಅಂಗಡಿಗಿಂತ ಅಗ್ಗ. ಸ್ತ್ರೀಶಕ್ತಿ, ಸ್ವಸಹಾಯ ಸಂಘಗಳ ಉಳಿತಾಯದ ಹಣಕ್ಕೆ ಇದು ಒಳ್ಳೆಯ ಬಳಕೆ. ಜಮೀನಿದ್ದೂ ಬರೀ ರಾಗಿ ಬಿತ್ತುವವರು ಮುಂದಿನ ಮುಂಗಾರಿನಲ್ಲಿ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿ. ಮಳೆ ಕೈಕೊಟ್ಟ ವರ್ಷವೂ ಎರಡರಲ್ಲಿ ಒಂದಾದರೂ ಕೈಗೆ ಬರುವ ಸಂಭವ ಹೆಚ್ಚು.

ಹುಳು ಎಲ್ಲಿಂದ ಬರುತ್ತದೆ?

ಅಲಸಂದೆ, ಹೆಸರು, ತೊಗರಿ, ಅವರೆಗಳನ್ನು ತೂತು ಮಾಡುವ ಕಾಳುದುಂಬಿ ಮನೆಯಲ್ಲಿ ಹುಟ್ಟುವುದಲ್ಲ. ಹೊಲದಲ್ಲಿ ಕಾಯಿ ಒಣಗುವಾಗಲೇ ಅದರ ಮೇಲೆ ಮೊಟ್ಟೆ ಇಡುತ್ತದೆ. ಕಾಳಿನ ಜೊತೆ ಅದೂ ಮನೆಗೆ ಬರುತ್ತದೆ. ಮರಿ ಕಾಳಿನೊಳಗೇ ತಿಂದು ಬೆಳೆದು, ದುಂಬಿಯಾಗಿ ತೂತು ಕೊರೆದು ಹೊರಬಂದು, ಮತ್ತೆ ಪಕ್ಕದ ಕಾಳಿನ ಮೇಲೆ ಮೊಟ್ಟೆ ಇಡುತ್ತದೆ. ಕಾಳಿನ ಮೇಲೆ ಅಂಟಿಕೊಂಡ ಬಿಳಿಯ ಚುಕ್ಕಿ ಕಂಡರೆ ಅದೇ ಮೊಟ್ಟೆ. ಆದ್ದರಿಂದ ಕಾಯಿ ಮಾಗಿದ ಮೇಲೆ ಹೊಲದಲ್ಲಿ ತಡ ಮಾಡದೆ ಬಿಡಿಸಿ ತರುವುದು ಮೊದಲ ಕೆಲಸ.

ಎರಡನೆಯದು ಒಣಗಿಸುವುದು. ಧಾನ್ಯದಲ್ಲಿ ತೇವಾಂಶ ಶೇಕಡಾ 12ಕ್ಕಿಂತ, ಕಾಳುಗಳಲ್ಲಿ ಶೇಕಡಾ 9–10ಕ್ಕಿಂತ ಹೆಚ್ಚಿರಬಾರದು. ಹಲ್ಲಿನಲ್ಲಿ ಕಚ್ಚಿದರೆ ಕಾಳು ಜಜ್ಜಿಹೋಗದೆ ‘ಕಟ್’ ಎಂದು ಒಡೆಯಬೇಕು. ಇನ್ನೊಂದು ಪರೀಕ್ಷೆ ಇದೆ. ಒಣಗಿದ ಗಾಜಿನ ಸೀಸೆಗೆ ಒಂದು ಹಿಡಿ ಕಾಳು, ಸ್ವಲ್ಪ ಒಣ ಪುಡಿಯುಪ್ಪು ಹಾಕಿ ಮುಚ್ಚಿ ಚೆನ್ನಾಗಿ ಅಲುಗಿಸಿ, ಹತ್ತು ನಿಮಿಷ ಬಿಡಿ. ಉಪ್ಪು ಸೀಸೆಯ ಗೋಡೆಗೆ ಅಂಟಿದರೆ ತೇವ ಶೇಕಡಾ 15ಕ್ಕೂ ಮೇಲಿದೆ ಎಂದರ್ಥ. ಅಂಟದಿದ್ದರೂ ಆತುರಪಡದೆ ಇನ್ನೆರಡು ಬಿಸಿಲು ಕಾಣಿಸಿ. ಬಿಸಿಲಿನಿಂದ ತೆಗೆದ ಬಿಸಿ ಕಾಳನ್ನು ಹಾಗೆಯೇ ತುಂಬಬಾರದು. ನೆರಳಿನಲ್ಲಿ ಆರಿಸಿ ತಣ್ಣಗಾದ ಮೇಲೆ ತುಂಬಿ. ಬಿಸಿಯಾಗಿ ತುಂಬಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ.

ಊಟಕ್ಕಿಡುವ ಕಾಳಿನ ಮೊಟ್ಟೆಗಳನ್ನು ಬಿಸಿಲಿನಿಂದಲೇ ಕೊಲ್ಲಬಹುದು. ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಳನ್ನು ತೆಳುವಾಗಿ ಹರಡಿ, ಮೇಲೆ ಬಿಳಿಯ ಪಾರದರ್ಶಕ ಹಾಳೆ ಹೊದಿಸಿ, ಅಂಚಿಗೆಲ್ಲ ಕಲ್ಲಿಟ್ಟು ನಡುಹಗಲಿನ ಕಡು ಬಿಸಿಲಿನಲ್ಲಿ ನಾಲ್ಕೈದು ಗಂಟೆ ಬಿಡಿ. ಒಳಗಿನ ಕಾವಿಗೆ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ಬಿತ್ತನೆಗೆ ಇಟ್ಟ ಬೀಜಕ್ಕೆ ಈ ಕ್ರಮ ಬೇಡ, ಮೊಳಕೆಗೆ ತೊಂದರೆಯಾದೀತು.

ತುಂಬುವ ಬಗೆ

ಒಣಗಿಸಿದ ಕಾಳಿಗೆ ಕಿಲೋಗೆ 5 ಮಿಲಿ ಲೀಟರಿನಂತೆ, ಅಂದರೆ ಒಂದು ಚಹಾ ಚಮಚದಷ್ಟು ಹರಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆಯನ್ನು ಎಲ್ಲ ಕಾಳಿಗೂ ಹತ್ತುವಂತೆ ಸವರಿ. ಎಣ್ಣೆ ಸವರಿದ ಕಾಳಿನ ಮೇಲೆ ಮೊಟ್ಟೆ ಬೆಳೆಯುವುದಿಲ್ಲ. ಮಡಕೆ, ವಾಡೆ, ಗುಡಾಣಗಳಲ್ಲಿ ತುಂಬುವವರು ಕಾಳಿನ ಮೇಲೆ ಒಣಗಿಸಿದ ನಯವಾದ ಮರಳನ್ನು ಮೂರು ಅಂಗುಲ ದಪ್ಪಕ್ಕೆ ಹರಡಬಹುದು. ದುಂಬಿ ಮೇಲಿನಿಂದ ಒಳಗೆ ಇಳಿಯಲಾರದು.

ಮುಚ್ಚಳ ಬಿಗಿಯಾದ ಡ್ರಮ್ ಇದ್ದರೆ ಇನ್ನೂ ಒಳ್ಳೆಯದು. ಅಂಚಿನವರೆಗೆ ತುಂಬಿ, ಗಾಳಿಯಾಡದಂತೆ ಮುಚ್ಚಿದರೆ ಒಳಗೆ ಉಳಿದ ಹುಳುಗಳು ಇದ್ದ ಗಾಳಿಯನ್ನೇ ಬಳಸಿಕೊಂಡು ಉಸಿರುಕಟ್ಟಿ ಸಾಯುತ್ತವೆ. ಇದೇ ತತ್ವದ ಮೂರು ಪದರದ ಗಾಳಿಯಾಡದ ಚೀಲಗಳೂ ಬಂದಿವೆ. ದೊಡ್ಡ ಡ್ರಮ್ಮನ್ನು ದಿನವೂ ತೆಗೆಯುವುದಾದರೆ ಈ ಉಪಾಯ ಕೆಲಸ ಮಾಡದು. ತಿಂಗಳಿಗೆ ಬೇಕಾದಷ್ಟನ್ನು ಒಮ್ಮೆಗೇ ತೆಗೆದು ಬೇರೆ ಡಬ್ಬಿಗೆ ಹಾಕಿಕೊಂಡು ದೊಡ್ಡದನ್ನು ಮತ್ತೆ ಬಿಗಿಯಾಗಿ ಮುಚ್ಚಿ. ಕೀಟನಾಶಕ ಅಥವಾ ರಾಸಾಯನಿಕ ಬಂದಿದ್ದ ಡ್ರಮ್ಮನ್ನು ಎಷ್ಟು ತೊಳೆದರೂ ಆಹಾರಕ್ಕೆ ಬಳಸಬಾರದು.

ಹಳೆಯ ಗೋಣಿಚೀಲ ಬಳಸುವವರು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿಕೊಳ್ಳಿ. ಚೀಲಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರಕ್ಕೆ ಜೋಡಿಸಿ. ಹಳೆಯ ಕಾಳಿನ ಜೊತೆ ಹೊಸದನ್ನು ಬೆರೆಸಬೇಡಿ.

ಒಂದು ಎಚ್ಚರಿಕೆಯ ಮಾತು. ಧಾನ್ಯಕ್ಕೆ ಹುಳು ಬೀಳದಿರಲಿ ಎಂದು ಕೆಲವರು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ತಂದು ಮನೆಯೊಳಗಿನ ಚೀಲಕ್ಕೆ ಹಾಕುತ್ತಾರೆ. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಮಲಗಿದ್ದವರ ಪ್ರಾಣ ತೆಗೆಯಬಲ್ಲದು. ಜನ ವಾಸಿಸುವ ಮನೆಯಲ್ಲಿ ಅದನ್ನು ಇಡಲೇಬಾರದು.

ರಾಗಿಯ ಗುಣ, ಹಗೇವಿನ ಅಪಾಯ

ರಾಗಿಯಷ್ಟು ಸಾಧು ಧಾನ್ಯ ಬೇರೊಂದಿಲ್ಲ. ಕಾಳು ಸಣ್ಣದಾದ್ದರಿಂದ ಹುಳುವಿನ ಕಾಟ ಕಡಿಮೆ. ಚೆನ್ನಾಗಿ ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಇರುತ್ತದೆ. ಬರಗಾಲಕ್ಕೆಂದು ಹಗೇವಿನಲ್ಲಿ ತುಂಬಿಡುತ್ತಿದ್ದುದು ಇದೇ ಕಾರಣಕ್ಕೆ. ಆದರೆ ಹಿಟ್ಟಿಗೆ ಈ ಗುಣವಿಲ್ಲ. ಬೀಸಿದ ಹಿಟ್ಟು ಬೇಗ ಮುಗ್ಗುತ್ತದೆ. ಹದಿನೈದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಬೀಸಿಸಿ.

ಹಗೇವು ಉಳಿದಿರುವ ಊರುಗಳಲ್ಲಿ ಒಂದು ಮಾತು ನೆನಪಿರಲಿ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆಗೆದ ಕೂಡಲೇ ಇಳಿದು ಪ್ರಾಣ ಬಿಟ್ಟವರುಂಟು. ಸಾಕಷ್ಟು ಹೊತ್ತು ತೆರೆದಿಟ್ಟು, ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡಿ. ದೀಪ ಆರಿದರೆ ಯಾರೂ ಇಳಿಯಕೂಡದು. ಉರಿಯುತ್ತಿದ್ದರೂ ಒಬ್ಬರೇ ಇಳಿಯಬೇಡಿ, ಮೇಲೆ ಹಗ್ಗ ಹಿಡಿದು ಜನರಿರಲಿ.

ಬೇಳೆ ಮಾಡುವ ತಾಪತ್ರಯ

ತೊಗರಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಜರಡಿ ಹಿಡಿದ ಕೆಮ್ಮಣ್ಣು ಕಲಸಿ ಒಂದು ರಾತ್ರಿ ಗುಡ್ಡೆ ಹಾಕಿಟ್ಟು, ಎರಡು ಮೂರು ದಿನ ಒಣಗಿಸಿ, ಮಣ್ಣು ಜರಡಿ ಹಿಡಿದು ಬೀಸುವ ಕಲ್ಲಿನಲ್ಲಿ ಒಡೆಯುವುದು ನಮ್ಮ ತಾಯಂದಿರ ಪದ್ಧತಿ. ರುಚಿ ಸೊಗಸು, ಶ್ರಮ ಬಹಳ. ಈಗಿನ ಹೆಣ್ಣುಮಕ್ಕಳಿಗೆ ಹೊಲ, ಹಸು, ಮಕ್ಕಳ ಶಾಲೆಯ ಜೊತೆಗೆ ಇದನ್ನೂ ಮಾಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಹಳ್ಳಿಗಳಿಗೆ ಹೊಂದುವ ಸಣ್ಣ ಬೇಳೆ ಯಂತ್ರವನ್ನು ರೂಪಿಸಿದೆ. ಹಿಟ್ಟಿನ ಗಿರಣಿ ಇರುವವರಾಗಲಿ, ಸ್ವಸಹಾಯ ಸಂಘದವರಾಗಲಿ ಇಂಥದೊಂದನ್ನು ಹಾಕಿಕೊಂಡರೆ ಇಡೀ ಊರಿಗೆ ಅನುಕೂಲ. ಬೇಳೆ ಮಾಡಿಟ್ಟರೆ ಇನ್ನೊಂದು ಲಾಭವುಂಟು. ಇಡೀ ಕಾಳಿಗೆ ಬೀಳುವಷ್ಟು ದುಂಬಿ ಒಡೆದ ಬೇಳೆಗೆ ಬೀಳದು.

ಯಂತ್ರ ಬರುವ ತನಕ ಕಾಯಬೇಕಿಲ್ಲ. ಹುರುಳಿ, ಅಲಸಂದೆ, ಅವರೆ, ಹೆಸರುಗಳನ್ನು ಒಡೆಯುವ ಅಗತ್ಯವೇ ಇಲ್ಲ. ವಾರದಲ್ಲಿ ನಾಲ್ಕು ದಿನ ಕಾಳಿನ ಸಾರು, ಮೂರು ದಿನ ಬೇಳೆ ಎಂದಿಟ್ಟುಕೊಂಡರೆ ಬೇಳೆಯ ಖರ್ಚು ತಾನಾಗಿ ಇಳಿಯುತ್ತದೆ.

ಅಂಗಡಿಯಿಂದ ಯಾವಾಗ ಕೊಳ್ಳಬೇಕು?

ಎಲ್ಲವೂ ಹೊಲದಲ್ಲಿ ಬೆಳೆಯುವುದಿಲ್ಲ. ಕೊಳ್ಳುವುದನ್ನು ಕಾಲ ನೋಡಿ ಕೊಳ್ಳಬೇಕು. ಹುಣಸೆಹಣ್ಣು, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ ಮೂರೂ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೊಸದಾಗಿ ಸಂತೆಗೆ ಬರುತ್ತವೆ. ಬೇಸಿಗೆಯ ಬಿಸಿಲೂ ಆಗ ನಮ್ಮ ಕೈಯಲ್ಲಿರುತ್ತದೆ. ಹುಣಸೆಹಣ್ಣಿನ ಬೀಜ, ನಾರು ತೆಗೆದು ಒಣಗಿಸಿ, ಉಪ್ಪು ಬೆರೆಸಿ ಮಣ್ಣಿನ ಅಥವಾ ಪಿಂಗಾಣಿ ಪಾತ್ರೆಯಲ್ಲಿ ಒತ್ತಿ ತುಂಬಿದರೆ ವರ್ಷ ಕಳೆದರೂ ಕೆಡದು. ಮೆಣಸಿನಕಾಯಿಯ ತೊಟ್ಟು ಮುರಿಯುವ ಮೊದಲು ಗಲಗಲ ಎನ್ನುವಂತೆ ಒಣಗಿಸಿ.

ಎಲ್ಲವನ್ನೂ ವರ್ಷಕ್ಕಾಗುವಷ್ಟು ಕೊಳ್ಳುವುದು ಜಾಣತನವಲ್ಲ. ಅಡುಗೆ ಎಣ್ಣೆ, ರವೆ, ಮೈದಾ, ಪುಡಿಗಳನ್ನು ತಿಂಗಳ ಲೆಕ್ಕದಲ್ಲೇ ಕೊಳ್ಳಿ. ಅಯೋಡಿನ್ ಉಪ್ಪನ್ನು ತೆರೆದಿಡದೆ ಮುಚ್ಚಿಡಿ. ಸಾಲ ಮಾಡಿ ದಾಸ್ತಾನು ಮಾಡುವುದಂತೂ ಬೇಡವೇ ಬೇಡ. ಬಡ್ಡಿ ಆ ಉಳಿತಾಯವನ್ನು ಹುಳುವಿಗಿಂತ ಬೇಗ ತಿನ್ನುತ್ತದೆ.

ಬೂಷ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳಗಳನ್ನು ದುಡ್ಡು ದಂಡವಾಯಿತೆಂದು ಉಣ್ಣಬೇಡಿ. ಅದರಲ್ಲಿರಬಹುದಾದ ಅಫ್ಲಾಟಾಕ್ಸಿನ್ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ. ಈಲಿಗೆ, ಅಂದರೆ ಪಿತ್ತಜನಕಾಂಗಕ್ಕೆ ಹಾನಿ. ದನಕ್ಕೂ ಹಾಕಬೇಡಿ.

ಒಂದು ತಟ್ಟೆಯ ಲೆಕ್ಕ

ರಾಗಿ ಮುದ್ದೆ, ಹುರುಳಿ ಸಾರು, ಸೊಪ್ಪಿನ ಪಲ್ಯ, ಮಜ್ಜಿಗೆ: ಇದು ಬಡವರ ಊಟ ಎಂದು ನಾಚುವವರಿದ್ದಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಬಿಳಿ ಅಕ್ಕಿಯಲ್ಲಿ 10 ಮಿಲಿಗ್ರಾಂನ ಆಸುಪಾಸು. ನೂರು ಗ್ರಾಂ ಕಾಳಿನಲ್ಲಿ 20ರಿಂದ 25 ಗ್ರಾಂ ಸಸಾರಜನಕವುಂಟು, ಅಕ್ಕಿ ರಾಗಿಗಳಲ್ಲಿ ಏಳೆಂಟು ಗ್ರಾಂ. ಧಾನ್ಯದಲ್ಲಿ ಕೊರತೆಯಿರುವ ಸತ್ವ ಕಾಳಿನಲ್ಲಿದೆ, ಕಾಳಿನಲ್ಲಿ ಕೊರತೆಯಿರುವುದು ಧಾನ್ಯದಲ್ಲಿದೆ. ಮೂರು ನಾಲ್ಕು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಸೇರಿದರೆ ಎರಡೂ ಮೈಗೆ ಹತ್ತುತ್ತವೆ. ಹುರುಳಿ, ಹೆಸರನ್ನು ಮೊಳಕೆ ಕಟ್ಟಿದರೆ ಸಿ ಜೀವಸತ್ವ ಹೆಚ್ಚುತ್ತದೆ. ಸೊಪ್ಪು ಕಾಳಿನ ಊಟಕ್ಕೆ ನಿಂಬೆಹುಳಿ ಹಿಂಡಿದರೆ ಕಬ್ಬಿಣದಂಶ ಚೆನ್ನಾಗಿ ಹೀರಲ್ಪಡುತ್ತದೆ. ಉಂಡ ಕೂಡಲೇ ಟೀ ಕುಡಿದರೆ ಅದೇ ಕಬ್ಬಿಣ ವ್ಯರ್ಥ. ಒಂದು ಗಂಟೆ ಬಿಟ್ಟು ಕುಡಿಯಿರಿ.

ಬಚ್ಚಲ ನೀರು ಹರಿಯುವ ಕಡೆ ಒಂದು ನುಗ್ಗೆ, ಒಂದು ಪಪ್ಪಾಯಿ, ಒಂದು ಕರಿಬೇವು, ಎರಡು ಮಡಿ ದಂಟು, ಚಪ್ಪರಕ್ಕೆ ಬಸಳೆ ಇದ್ದರೆ ಸಂತೆಯ ತರಕಾರಿ ಖರ್ಚು ಎಷ್ಟೋ ಇಳಿಯುತ್ತದೆ. ನುಗ್ಗೆಸೊಪ್ಪನ್ನು ಯಾರೂ ಮಾರಬೇಕಿಲ್ಲ, ಕೊಳ್ಳಬೇಕಿಲ್ಲ. ನಾಲ್ಕು ನಾಟಿ ಕೋಳಿ ಇದ್ದರೆ ಮಕ್ಕಳಿಗೆ ಮೊಟ್ಟೆ. ಹಸು ಕಟ್ಟಿದವರು ಡೇರಿಗೆ ಹಾಲು ಹಾಕುವ ಮುನ್ನ ಮಕ್ಕಳ ಲೋಟ ತುಂಬಿಸಿ. ಹಾಲಿನ ಬಟವಾಡೆ ನೋಡಿ ಸಂತೋಷಪಟ್ಟು, ಮಕ್ಕಳಿಗೆ ಕರಿ ಟೀ ಕೊಡುವ ಮನೆಗಳನ್ನು ನಾನು ಕಂಡಿದ್ದೇನೆ.

ಇನ್ನು ಹತ್ತು ರೂಪಾಯಿ ಪೊಟ್ಟಣದ ವಿಚಾರ. ಇಬ್ಬರು ಮಕ್ಕಳಿಗೆ ದಿನಕ್ಕೊಂದರಂತೆ ಕುರುಕು ತಿಂಡಿಯ ಪೊಟ್ಟಣ ಕೊಡಿಸಿದರೆ ದಿನಕ್ಕೆ 20 ರೂಪಾಯಿ, ವರ್ಷಕ್ಕೆ 7300 ರೂಪಾಯಿ. ಮೇಲೆ ಲೆಕ್ಕ ಹಾಕಿದ 56 ಕಿಲೋ ಬೇಳೆಯ ಬೆಲೆ 7280 ಎಂಬುದನ್ನು ನೆನಪು ಮಾಡಿಕೊಳ್ಳಿ. ಮಕ್ಕಳ ಆಸೆ ಮುರಿಯಬೇಡಿ. ಹುರಿದ ಕಡಲೆಕಾಯಿ ಬೆಲ್ಲ, ಹುರಿದ ಅವರೆಕಾಳು, ರಾಗಿ ಹುರಿಹಿಟ್ಟಿನ ಉಂಡೆ ಮನೆಯಲ್ಲಿರಲಿ. ಪೊಟ್ಟಣ ಸಂತೆಯ ದಿನಕ್ಕಿರಲಿ.

ಆ ಮನೆಗೆ ಮತ್ತೆ ಹೋದಾಗ

ಮೊದಲು ಹೇಳಿದ ರೈತರಿಗೆ ಈ ಲೆಕ್ಕವನ್ನೆಲ್ಲ ಹೇಳಿ ಬಂದಿದ್ದೆ. ಅವರು ಆಗಲೇ ತೊಗರಿ ಮಾರಿಯಾಗಿತ್ತು. ಆದರೂ ಹಿಂಗಾರಿನ ಹುರುಳಿಯನ್ನು ಮಾರಲಿಲ್ಲ. ಅಣ್ಣನ ಕಣದಿಂದ ಒಂದಿಷ್ಟು ಅವರೆ, ಅಲಸಂದೆ ತಂದರು. ಒಣಗಿಸಿ, ಎಣ್ಣೆ ಸವರಿ ಎರಡು ಡ್ರಮ್ಮಿಗೆ ಹಾಕಿದರು. ಆಷಾಢದಲ್ಲಿ ಆ ಕಡೆ ಹೋದಾಗ ನೋಡಿದೆ. ಒಂದು ಡ್ರಮ್ಮಿನ ಕಾಳು ಸುಗ್ಗಿಯಲ್ಲಿ ಇದ್ದಂತೆಯೇ ಇತ್ತು. ಇನ್ನೊಂದರಲ್ಲಿ, ಮುಚ್ಚಳ ಸರಿಯಾಗಿ ಕೂಡದೆ, ಮೇಲಿನ ಅಲಸಂದೆಗೆ ದುಂಬಿ ಬಿದ್ದಿತ್ತು. ಯಜಮಾನರು ಬೇಸರಪಟ್ಟುಕೊಂಡರು. ಮನೆಯಾಕೆ ಮಾತ್ರ ಹೇಳಿದರು: “ಒಂದು ಕೆಟ್ರೆ ಕೆಡ್ಲಿ ಬುಡಿ ಸಾಹೇಬ್ರೆ. ಈ ಸಲ ಆಷಾಢದಾಗೂ ಮಕ್ಳು ಕಾಳು ಸಾರು ಉಂಡವೆ. ಬರೋ ಸುಗ್ಗೀಗೆ ತೊಗರೀನೂ ನಾನೇ ಎತ್ತಿಡ್ತೀನಿ, ಇವ್ರನ್ನ ಕೇಳಾಕಿಲ್ಲ.”

ಈ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ಕಣದಲ್ಲಿ ತೂಗುವವರು ಗಂಡಸರು, ಒಲೆಯ ಮುಂದೆ ಲೆಕ್ಕ ಹಾಕುವವರು ಹೆಂಗಸರು. ಆದ್ದರಿಂದ ಟೆಂಪೊ ಬರುವ ದಿನ ಮನೆಯಾಕೆಯೂ ಕಣದಲ್ಲಿರಲಿ. ಮನೆಯ ಪಾಲನ್ನು ಅವರ ಕೈಯಿಂದಲೇ ಅಳೆಸಿ.

ರೈತ ಬಾಂಧವರೇ, ಈ ಸಲ ರಾಶಿ ಮಾಡುವ ಮುನ್ನ ಮೂರು ಕೆಲಸ ಮಾಡಿ: ಮನೆಗೆ ಬೇಕಾದ ಲೆಕ್ಕವನ್ನು ಹಾಳೆಯಲ್ಲಿ ಬರೆಯಿರಿ, ಡ್ರಮ್ಮು ವಾಡೆಗಳನ್ನು ತೊಳೆದು ಒಣಗಿಸಿ, ಮುಚ್ಚಳ ಬಿಗಿಯಾಗಿ ಕೂಡುತ್ತದೆಯೇ ಎಂದು ನೋಡಿ. ತೇವಾಂಶ ಪರೀಕ್ಷೆ, ಕಾಳಿನ ಸಂಗ್ರಹಣೆ, ಬೇಳೆ ಯಂತ್ರಗಳ ವಿಚಾರವಾಗಿ ಹೆಚ್ಚಿನ ವಿವರ ಬೇಕಾದವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಕಾಣಬಹುದು.